ಗೆಳೆಯನಿಗೊಂದು ಪತ್ರ: ನಾಳೆಯ ಊಟ

ಲೋ ಮಾರಾಯ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಊರೆಲ್ಲ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಮೂರನೇ ಚಪಾತಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ನಿಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ಅಮ್ಮ ಯೇಸು ಕಲಿಸಿದ ಪ್ರಾರ್ಥನೆ ಮಾಡಿಸುತ್ತಿದ್ದರಲ್ಲ? ನಾನು ಒಂದು ಕಣ್ಣು ತೆರೆದು ಸಾರಿನ ಪಾತ್ರೆ ನೋಡುತ್ತಿದ್ದೆ. ಆ ಪ್ರಾರ್ಥನೆಯಲ್ಲಿ 'ಅನುದಿನದ ಆಹಾರ' ಅಂತ ಬರುತ್ತದೆ. ಆ 'ಅನುದಿನ' ಇರುವ ಜಾಗದಲ್ಲಿ ಬೈಬಲಿನ ಮೂಲ ಗ್ರೀಕ್‌ನಲ್ಲಿರುವುದು 'ಎಪಿಊಸಿಯೊಸ್'. ಅದರ ಅರ್ಥ ಇವತ್ತಿಗೂ ತೀರ್ಮಾನವಾಗಿಲ್ಲ! ಮೂರನೇ ಶತಮಾನದ ಕ್ರೈಸ್ತ ಪಂಡಿತ ಓರಿಜೆನ್ ಗ್ರೀಕ್‌ನಲ್ಲೇ ಓದಿ ಬರೆದವನು. ಅವನೇ, ಈ ಪದ ಪಂಡಿತರ ಬರಹದಲ್ಲೂ ಇಲ್ಲ, ಜನರ ಬಾಯಲ್ಲೂ ಇಲ್ಲ, ಸುವಾರ್ತೆ (ಯೇಸುವಿನ ಬದುಕಿನ ಕತೆ) ಬರೆದವರೇ ಹುಟ್ಟಿಸಿರಬೇಕು ಅಂದ. ಜೆರೋಮ್‌ನ ಲ್ಯಾಟಿನ್ ಬೈಬಲಿನಲ್ಲಿ ಲೂಕನ ಸುವಾರ್ತೆಯಲ್ಲಿ 'ದಿನದಿನದ', ಮತ್ತಾಯನ ಸುವಾರ್ತೆಯಲ್ಲಿ ಅದೇ ಪದಕ್ಕೆ 'ವಸ್ತುವನ್ನು ಮೀರಿದ' ಅಂತಿದೆ. ಯಾವುದಾದರೂ ಒಂದಕ್ಕೆ ಮಾರ್ಕ್ಸ್ ಬರಲಿ ಅಂತ ನೀನು ಎರಡೂ ಉತ್ತರ ಬರೆದು ಬರುತ್ತಿದ್ದೆಯಲ್ಲ, ಹಾಗೆ.

ನನ್ನ ನಿದ್ದೆ ಕೆಡಿಸಿದ್ದು ಬೇರೆ. ಹೀಬ್ರೂ ಜನರ ಒಂದು ಸುವಾರ್ತೆಯಲ್ಲಿ ಅದೇ ಜಾಗದಲ್ಲಿ 'ಮಹರ್' ಅಂತ ನೋಡಿದೆ ಎನ್ನುತ್ತಾನೆ ಜೆರೋಮ್. ಅಂದರೆ ನಾಳೆ. ನಾಳೆಯ ಊಟ ಇವತ್ತೇ ಕೊಡು! ಮತ್ತಾಯನ ಅದೇ ಆರನೇ ಅಧ್ಯಾಯದ ಕೊನೆಗೆ, ನಾಳೆಯ ಚಿಂತೆ ಬೇಡ ಅಂತಲೂ ಇದೆ. ಬೈಬಲಿನ ಹಳೇ ಒಡಂಬಡಿಕೆಯಲ್ಲಂತೂ ದೇವರು ದಿನದಿನ ಕೊಟ್ಟ ಆಹಾರ ಮನ್ನಾವನ್ನು ಬೆಳಗಿನವರೆಗೆ ಎತ್ತಿಟ್ಟವರಿಗೆ ಸಿಕ್ಕಿದ್ದು ಹುಳ.

ನಾನು ಎತ್ತಿಡುವ ಪೈಕಿ ಕಣೋ. ರಾತ್ರಿ ಎರಡು ಗಂಟೆಗೆ ಎದ್ದು ಬ್ಯಾಂಕ್ ಬ್ಯಾಲೆನ್ಸ್ ನೋಡುತ್ತೇನೆ. ಸಂಬಳ ಬರುತ್ತಿದೆ, ಸಾಲ ಇಲ್ಲ, ಆದರೂ ನೋಡುತ್ತೇನೆ. ಹೋದ ವಾರ ನಮ್ಮ ವಾಚ್‌ಮನ್ ಮಗಳ ಫೀಸಿಗೆ ಎರಡು ಸಾವಿರ ಕೇಳಿದ. 'ಈಗ ಇಲ್ಲಪ್ಪ' ಅಂದೆ. ಇತ್ತು. ಲಿಫ್ಟ್‌ನಲ್ಲಿ ಮೇಲೆ ಬರುವಷ್ಟರಲ್ಲೇ ಮೊಬೈಲ್ ತೆಗೆದು, ಇದೆಯಲ್ಲ ಅಂತ ನೋಡಿಕೊಂಡೆ. ಈಗ ಗೇಟಿನಲ್ಲಿ ಅವನು ಸಲಾಂ ಹೊಡೆದರೆ ಫೋನ್ ಬಂದವನ ಹಾಗೆ ನಾಟಕ ಮಾಡುತ್ತೇನೆ.

ಇದನ್ನೆಲ್ಲ ಇಲ್ಲಿ ಯಾಕೆ ಬರೆದೆನೋ! ಇರಲಿ, ನಗುವ ವಿಷಯ ಕೇಳು. ಈಜಿಪ್ಟಿನ ಒಂದು ಹಳೇ ಖರ್ಚಿನ ಚೀಟಿಯ ಪಾಠ 1889ರಲ್ಲಿ ಅಚ್ಚಾಯಿತು; ಅದರಲ್ಲಿ ಈ ಪದ ಇದೆ ಅಂತ ಆಮೇಲೆ ವಿದ್ವಾಂಸರು ಕುಣಿಯುತ್ತಿದ್ದರು. ಚೀಟಿ ಮಾತ್ರ ಕಳೆದುಹೋಗಿತ್ತು. 1998ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು. ಸರಿಯಾಗಿ ಓದಿದರೆ ಅದು 'ಎಲಾಯು'. ಎಣ್ಣೆ! ಸುಮ್ನೆ ಎಣ್ಣೆ. ನಮ್ಮ ಮನೆಯಲ್ಲಿ ಅದೂ ಐದು ಲೀಟರ್ ಜಾಸ್ತಿ ಇದೆ.

ಅಮ್ಮನನ್ನು ಕೇಳಿದೆ ಅಂತ ಹೇಳು. ಈ ಸಲ ಬಂದಾಗ ಎರಡೂ ಕಣ್ಣು ಮುಚ್ಚುತ್ತೇನೆ. ಸಾರು ನೀನು ನೋಡಿಕೋ.

ನಿನ್ನ
ಜಿಪುಣ