ಫಾರ್ಮ್ಯಾಟ್ ಬೇಡ, ರ‍್ಯಾಮ್ ಬದಲಿಸಿಕೊಡಿ

ಇಂದ:
ನಿಮ್ಮ ಗ್ರಾಹಕಿ, ಶಿವಮೊಗ್ಗ

ಗೆ:
ವ್ಯವಸ್ಥಾಪಕರು,
ಕಂಪ್ಯೂಟರ್ ಮಾರಾಟ ಮತ್ತು ಸರ್ವಿಸ್ ವಿಭಾಗ

ವಿಷಯ: ವಾರಂಟಿಯಲ್ಲಿರುವ ಕಂಪ್ಯೂಟರ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿರುವುದು, ತಪ್ಪು ರಿಪೇರಿ ಮತ್ತು ನನ್ನ ಫೈಲ್‌ಗಳನ್ನು ಅಳಿಸಿದ್ದರ ಬಗ್ಗೆ ದೂರು

ಮಾನ್ಯರೇ,

ನಿಮ್ಮಲ್ಲಿ ಅಸೆಂಬಲ್ ಮಾಡಿಸಿದ ನನ್ನ ಕಂಪ್ಯೂಟರ್ ಕೆಲಸದ ಮಧ್ಯೆ ನೀಲಿ ಪರದೆ ತೋರಿಸಿ ತಾನೇ ರೀಸ್ಟಾರ್ಟ್ ಆಗುತ್ತಿದೆ. ನಿಮ್ಮ ಸರ್ವಿಸ್ ವಿಭಾಗ ಪ್ರತಿ ಸಲವೂ ವಿಂಡೋಸ್ ಫಾರ್ಮ್ಯಾಟ್ ಮಾಡಿ, ಅದಕ್ಕೆ ದುಡ್ಡು ತೆಗೆದುಕೊಂಡು ವಾಪಸ್ ಕಳಿಸಿದೆ. ಜಾಬ್ ಶೀಟ್‌ಗಳಲ್ಲೆಲ್ಲ ಒಂದೇ ಸಾಲು: 'ಸಾಫ್ಟ್‌ವೇರ್ ಪ್ರಾಬ್ಲಂ, ಓಎಸ್ ರೀಇನ್‌ಸ್ಟಾಲ್ಡ್'. ನೀಲಿ ಪರದೆಯಲ್ಲಿ ಏನು ಬರೆದಿತ್ತು ಅನ್ನುವುದು ಒಂದರಲ್ಲೂ ಇಲ್ಲ. ಯಾರೂ ನೋಡಿದ ಹಾಗೆ ಕಾಣುವುದಿಲ್ಲ.

ನಾನು ಮನೆಯಲ್ಲೇ ಡಿಟಿಪಿ ಮಾಡುವವಳು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘದ ವರದಿ, ಇಂಥವು. ಕೋರೆಲ್‌ಡ್ರಾದಲ್ಲಿ ದೊಡ್ಡ ಫೈಲ್ ತೆರೆದು, ಜೊತೆಗೆ ಕ್ರೋಮ್‌ನಲ್ಲಿ ನಾಲ್ಕಾರು ಟ್ಯಾಬ್ ಇದ್ದರೆ ಸಾಕು, ಕೈಕೊಡುತ್ತದೆ. ನಿಮ್ಮ ಅಂಗಡಿಯಲ್ಲಿ ಮಾತ್ರ ಇಡೀ ದಿನ ಆನ್ ಇಟ್ಟರೂ ಏನೂ ಆಗುವುದಿಲ್ಲವಂತೆ. ಹೇಗೆ ಆದೀತು? ಹೊಸ ವಿಂಡೋಸ್ ಹಾಕಿ ಖಾಲಿ ಡೆಸ್ಕ್‌ಟಾಪ್ ತೋರಿಸುತ್ತ ಇಟ್ಟ ಯಂತ್ರ ಮೆಮೊರಿಯ, ಅಂದರೆ ರ‍್ಯಾಮ್‌ನ, ಸ್ವಲ್ಪ ಭಾಗವನ್ನಷ್ಟೇ ಬಳಸುತ್ತದೆ. ಕೆಟ್ಟಿರುವ ಜಾಗದ ತನಕ ಹೋಗುವುದೇ ಇಲ್ಲ.

ಕೊನೆಯ ಸಲ ಬಂದಾಗ ನಿಮ್ಮ ಟೆಕ್ನಿಷಿಯನ್ ಇವೆಂಟ್ ವ್ಯೂವರ್ (ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸುವ ಪಟ್ಟಿ) ತೆರೆದು 'ಕರ್ನಲ್-ಪವರ್ 41' ಎಂಬ ಕೆಂಪು ಗುರುತಿನ ಸಾಲು ತೋರಿಸಿ, "ನೋಡಿ ಮೇಡಂ, ಪವರ್ ಅಂತಲೇ ಬಂದಿದೆ, ನಿಮ್ಮನೆ ಕರೆಂಟ್ ಸರಿ ಇಲ್ಲ" ಅಂದರು. ಯುಪಿಎಸ್ ಕೊಳ್ಳಲು ಹೇಳಿದರು, ಕೊಂಡೆ. ಅದೂ ನಿಮ್ಮಲ್ಲೇ. ಅವತ್ತು ರಾತ್ರಿಯೇ ಮತ್ತೆ ನೀಲಿ ಪರದೆ ಬಂತು. ಫೋನ್ ಮಾಡಿದರೆ, ಮನೆಯಲ್ಲಿ ಗಂಡಸರು ಯಾರಾದರೂ ಇದ್ದರೆ ಕೊಡಿ, ಅವರಿಗೆ ವಿವರಿಸುತ್ತೇನೆ ಅಂದರು. ಗಂಡಸರಿದ್ದಾರೆ, ಅವರಿಗೆ ಕಂಪ್ಯೂಟರ್ ಆನ್ ಮಾಡಿಕೊಡುವವಳೂ ನಾನೇ. ಆ ಮಾತು ಇರಲಿ.

ಆ 41ರ ಸಾಲು ಹೇಳುವುದು ಇಷ್ಟೇ: ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ. ಕಾರಣ ಏನು ಅಂತ ಅದು ಹೇಳುವುದಿಲ್ಲ. ಅದೇ ಸಾಲಿನ 'ಡೀಟೇಲ್ಸ್' ಒತ್ತಿದ್ದರೆ 'ಬಗ್‌ಚೆಕ್ ಕೋಡ್' ಎಂಬ, ನೀಲಿ ಪರದೆಯ ಎರರ್ ಸಂಖ್ಯೆ ಇರುವ ಜಾಗ ಕಾಣುತ್ತಿತ್ತು. ಕರೆಂಟ್ ಹೋಗಿ ಆಫ್ ಆಗಿದ್ದರೆ ಅಲ್ಲಿ 0 ಇರುತ್ತದೆ. ನನ್ನದರಲ್ಲಿ 26 ಇದೆ. ಹೆಕ್ಸಾಡೆಸಿಮಲ್‌ನಲ್ಲಿ (16ರ ಲೆಕ್ಕದ ಸಂಖ್ಯೆಯಲ್ಲಿ) ಬರೆದರೆ 1ಎ, ಅಂದರೆ 'ಮೆಮೊರಿ ಮ್ಯಾನೇಜ್‌ಮೆಂಟ್' ಎರರ್. ಇದನ್ನು ನೋಡಲು ಒಂದು ಕ್ಲಿಕ್ ಸಾಕಿತ್ತು. ಹೊಟ್ಟೆನೋವು ಅಂತ ಹೋದವಳ ಹಲ್ಲು ಕಿತ್ತು ಕಳಿಸಿದ ಹಾಗಾಯಿತು ನಿಮ್ಮ ಯುಪಿಎಸ್.

ಆಮೇಲೆ ನಾನೇ ಕೂತು ನೋಡಿದೆ. ಮೊದಲು ಸಿಸ್ಟಂ ಪ್ರಾಪರ್ಟೀಸ್‌ನ 'ಸ್ಟಾರ್ಟಪ್ ಆ್ಯಂಡ್ ರಿಕವರಿ'ಯಲ್ಲಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಮುಂದಿನ ಟಿಕ್ ತೆಗೆದೆ. ಈಗ ನೀಲಿ ಪರದೆ ಮಾಯವಾಗದೆ ನಿಲ್ಲುತ್ತದೆ, ಓದಬಹುದು, ಫೋಟೊ ತೆಗೆಯಬಹುದು. ಒಮ್ಮೆ 'ಮೆಮೊರಿ ಮ್ಯಾನೇಜ್‌ಮೆಂಟ್', ಇನ್ನೊಮ್ಮೆ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ'. ಹೀಗೆ ಸಲಕ್ಕೊಂದು ಎರರ್ ಬಂದರೆ ಮೊದಲು ರ‍್ಯಾಮ್ ಮೇಲೆಯೇ ಅನುಮಾನ ಪಡಬೇಕು. ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಫೈಲಿನ ಹೆಸರು ಮರುಕಳಿಸುತ್ತದೆ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ ಮಲಗಿದೆ. ಬೆಳಗ್ಗೆ ಪರದೆ ತುಂಬ ಎರರ್ ಇದ್ದವು. ಕೂಡಲೇ ಪ್ಲಗ್ ತೆಗೆದು, ಕ್ಯಾಬಿನೆಟ್ ಬಿಚ್ಚಿ, ಎರಡು 8 ಜಿಬಿ ಸ್ಟಿಕ್‌ಗಳಲ್ಲಿ ಒಂದನ್ನೇ ಬಿಟ್ಟು ಮತ್ತೆ ಟೆಸ್ಟ್ ಮಾಡಿದೆ, ಒಂದೂ ಎರರ್ ಇಲ್ಲ. ಅದನ್ನು ತೆಗೆದು ಅದೇ ಸ್ಲಾಟ್‌ಗೆ ಎರಡನೆಯದನ್ನು ಹಾಕಿದೆ, ಸ್ವಲ್ಪ ಹೊತ್ತಿಗೇ ಎರರ್ ಶುರು. ಬೇರೆ ಸ್ಲಾಟ್‌ಗೆ ಬದಲಿಸಿದರೂ ಅದೇ ಕಥೆ. ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಬರುವ ಸೆಟ್ಟಿಂಗ್ ಪರದೆ) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಫ್ ಮಾಡಿ ಕಡಿಮೆ ವೇಗದಲ್ಲಿ ಓಡಿಸಿದರೂ ವ್ಯತ್ಯಾಸವಿಲ್ಲ. ಹಾಗಾಗಿ ದೋಷ ಮದರ್‌ಬೋರ್ಡಿನದಲ್ಲ, ಸೆಟ್ಟಿಂಗಿನದಲ್ಲ, ವಿಂಡೋಸಿನದಂತೂ ಅಲ್ಲವೇ ಅಲ್ಲ. ಮೆಮ್‌ಟೆಸ್ಟ್ ಓಡುವಾಗ ವಿಂಡೋಸ್ ಇರುವುದೇ ಇಲ್ಲ. ಕೆಟ್ಟ ಸ್ಟಿಕ್ಕಿಗೆ ಗುರುತಿಗಾಗಿ ಹಣೆಗಿಡುವ ಕೆಂಪು ಸ್ಟಿಕ್ಕರ್ ಅಂಟಿಸಿದ್ದೇನೆ. ಕ್ಯಾಬಿನೆಟ್ ಬಿಚ್ಚಿದ್ದಕ್ಕೆ ವಾರಂಟಿ ಹೋಯಿತು ಅನ್ನಬೇಡಿ. ಅದಕ್ಕೆ ಸೀಲ್ ಇರಲಿಲ್ಲ, ಬಿಲ್ಲಿನ ಹಿಂದಿನ ಷರತ್ತುಗಳಲ್ಲೂ ಹಾಗೆ ಬರೆದಿಲ್ಲ.

ಇಷ್ಟೇ ಆಗಿದ್ದರೆ ರ‍್ಯಾಮ್ ಬದಲಿಸಿಕೊಡಿ ಅಂತ ಫೋನಿನಲ್ಲೇ ಹೇಳಿ ಸುಮ್ಮನಾಗುತ್ತಿದ್ದೆ. ಪತ್ರ ಬರೆಯಲು ಕಾರಣ ಡಿ ಡ್ರೈವ್. ವಿಂಡೋಸ್ ಇರುವುದು ಎಸ್‌ಎಸ್‌ಡಿಯಲ್ಲಿ, ನನ್ನ ಕೆಲಸವೆಲ್ಲ ಇರುವುದು ಬೇರೆಯೇ ಹಾರ್ಡ್ ಡಿಸ್ಕಿನಲ್ಲಿ. 'ಡಿ ಡ್ರೈವ್ ಮುಟ್ಟಬೇಡಿ' ಎಂದು ಜಾಬ್ ಶೀಟಿನಲ್ಲಿ ನನ್ನ ಕೈಯಾರೆ ಬರೆದಿದ್ದೆ, ಕೌಂಟರಿನಲ್ಲಿ ಬಾಯಲ್ಲೂ ಹೇಳಿದ್ದೆ. ಆದರೂ ಎರಡೂ ಡಿಸ್ಕಿನ ಪಾರ್ಟಿಷನ್ ಅಳಿಸಿ ಕಳಿಸಿದ್ದೀರಿ. ವರ್ಷಗಟ್ಟಲೆಯ ಡಿಸೈನ್‌ಗಳು, ನುಡಿಯಲ್ಲಿ ಟೈಪ್ ಮಾಡಿದ ಕಡತಗಳು, ಮುಂಗಡ ತೆಗೆದುಕೊಂಡು ಪ್ರೂಫ್ ಕೊಡಬೇಕಿದ್ದ ಲಗ್ನಪತ್ರಿಕೆಗಳು, ಎಲ್ಲವೂ ಹೋಗಿವೆ. ಮದುವೆ ಮನೆಯವರಿಗೆ ಕಂಪ್ಯೂಟರ್ ಕಥೆ ಹೇಳಿ ಪ್ರಯೋಜನವಿಲ್ಲ. ರಾತ್ರಿಯೆಲ್ಲ ಕೂತು ಹೊಸದಾಗಿ ಮಾಡಿಕೊಟ್ಟೆ. ಆ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತು ಎತ್ತಿಟ್ಟಿದ್ದೇನೆ, ಅದರ ಮೇಲೆ ಹೊಸದೇನೂ ಬರೆದಿಲ್ಲ. ಡೇಟಾ ರಿಕವರಿ ಆಗುವ ಸಾಧ್ಯತೆ ಇನ್ನೂ ಇದೆ.

ಆದ್ದರಿಂದ ಎರಡೂ ರ‍್ಯಾಮ್ ಸ್ಟಿಕ್‌ಗಳನ್ನು ಒಂದೇ ಕಿಟ್ಟಿನ ಹೊಸ ಜೋಡಿಯಿಂದ ಬದಲಿಸಿ, ಹಾಕಿದ ಮೇಲೆ ಮೆಮೊರಿ ಟೆಸ್ಟ್ ಪೂರ್ತಿ ಓಡಿಸಿ ಅದರ ಫಲಿತಾಂಶವನ್ನು ಜಾಬ್ ಶೀಟಿನಲ್ಲಿ ಬರೆದುಕೊಡಿ. ಫಾರ್ಮ್ಯಾಟಿಗೆ ತೆಗೆದುಕೊಂಡ ಹಣ ವಾಪಸ್ ಮಾಡಿ. ಯುಪಿಎಸ್ ಹಿಂದಕ್ಕೆ ತೆಗೆದುಕೊಂಡು ಅದರ ಬೆಲೆಯನ್ನೂ ಕೊಡಿ. ಡೇಟಾ ರಿಕವರಿಯ ಖರ್ಚು ನಿಮ್ಮದು, ಆದರೆ ಎಲ್ಲಿ ಮಾಡಿಸಬೇಕೆಂದು ನಾನು ನಿರ್ಧರಿಸುತ್ತೇನೆ. ಆ ಡಿಸ್ಕನ್ನು ಮತ್ತೆ ನಿಮ್ಮ ಕೈಗೆ ಕೊಡುವ ಧೈರ್ಯ ನನಗಿಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ. ವ್ಯಾಪಾರಕ್ಕೆ ಬಳಸುವವರು ಗ್ರಾಹಕರಲ್ಲ ಎಂದು ನಿಮ್ಮ ಕೌಂಟರಿನವರು ಹೇಳಿದ್ದರು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಬಳಸುವವರು ಗ್ರಾಹಕರೇ ಎಂದು ಅದೇ ಕಾಯ್ದೆಯ 2(7)ನೇ ಕಲಮಿನ ವಿವರಣೆಯಲ್ಲಿದೆ, ದಯವಿಟ್ಟು ಓದಿಸಿ.

ಸದ್ಯಕ್ಕೆ ಕಂಪ್ಯೂಟರ್ ಒಂದೇ ಸ್ಟಿಕ್ಕಿನಲ್ಲಿ ನಿಧಾನವಾಗಿ, ಆದರೆ ರೀಸ್ಟಾರ್ಟ್ ಆಗದೆ ನಡೆಯುತ್ತಿದೆ. ಮನೆಗೆ ಯಾರನ್ನಾದರೂ ಕಳಿಸುವುದಾದರೆ ಮಧ್ಯಾಹ್ನ ಮೂರರ ಮೇಲೆ ಕಳಿಸಿ. ವಿಂಡೋಸ್ ಪೆನ್‌ಡ್ರೈವ್ ತರುವುದು ಬೇಡ, ರ‍್ಯಾಮ್ ತಂದರೆ ಸಾಕು.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಬಿಲ್ ಮತ್ತು ಜಾಬ್ ಶೀಟ್‌ಗಳ ಪ್ರತಿ, ನೀಲಿ ಪರದೆ ಹಾಗೂ ಮೆಮ್‌ಟೆಸ್ಟ್‌ನ ಫೋಟೊಗಳು, ಯುಪಿಎಸ್ ಬಿಲ್