ಕೂರೋಕೆ ಒಂದು ಸ್ಟೂಲು ಕೇಳು

ಮಡಿಕೇರಿ

ಪ್ರೀತಿಯ ಸುಮಾ,

ವಿರಾಜಪೇಟೆಯ ಬಟ್ಟೆ ಅಂಗಡಿ ಕೆಲಸ ನಿನಗೆ ಹಿಡಿಸಿದೆ ಅಂತ ನಿಮ್ಮಮ್ಮ ಹೇಳಿದಳು. ಖುಷಿಯಾಯ್ತು. ಆದರೆ ರಾತ್ರಿ ಕಾಲು ಊದಿಕೊಳ್ಳುತ್ತೆ, ನೀರೂ ಸರಿಯಾಗಿ ಕುಡಿಯಲ್ಲ ಅಂತಾನೂ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಗೆ ಮುಂಚೆ ನಾನೂ ಮಹದೇವಪೇಟೆಯ ಅಂಗಡಿಯೊಂದರಲ್ಲಿ ಸೀರೆ ತೋರಿಸುತ್ತಿದ್ದೆ. ಗಿರಾಕಿ ಹತ್ತಾರು ಸೀರೆ ಬಿಚ್ಚಿಸಿ, ಒಂದೂ ಕೊಳ್ಳದೆ ಎದ್ದು ಹೋದರೆ ಅಷ್ಟನ್ನೂ ಹಳೇ ಮಡಿಕೆಗೇ ಮಡಚಬೇಕು. ಅಂಚಿಗೆ ಅಂಚು ಕೂಡಬೇಕು, ಸೆರಗು ಮೇಲೆ ಕಾಣಬೇಕು. ಶುಕ್ರವಾರ ಸಂತೆ ದಿನವಂತೂ ಊಟಕ್ಕೂ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಗಿರಾಕಿಗಳ ಕೊಡೆಯಿಂದ ಇಳಿದ ನೀರಲ್ಲೇ ನಿಂತಿರಬೇಕು. ಅಂಗಡಿ ಖಾಲಿ ಇದ್ದಾಗಲೂ ಕೂರುವಂತಿಲ್ಲ. ಕೂತರೆ ಸೋಮಾರಿ ಅನ್ನೋರು.

ಈ ಕಷ್ಟ ಹಳೇದು ಮಗಳೇ. ಇಂಗ್ಲೆಂಡಿನಲ್ಲಿ 19ನೇ ಶತಮಾನದಲ್ಲಿ ಎಷ್ಟೋ ಅಂಗಡಿ ಹುಡುಗಿಯರು ಮಾಲೀಕರು ಕೊಟ್ಟ ಕೋಣೆಗಳಲ್ಲೇ ಇರಬೇಕಿತ್ತು. ಊಟ ಅವರದೇ, ನಿಯಮ ಅವರದೇ, ಸಣ್ಣ ತಪ್ಪಿಗೂ ದಂಡ. 18 ತುಂಬದವರನ್ನು ವಾರಕ್ಕೆ 74 ಗಂಟೆಗಿಂತ ಜಾಸ್ತಿ ದುಡಿಸಬಾರದು ಅಂತ 1886ರಲ್ಲಿ ಕಾನೂನು ಬಂತು. ಎಪ್ಪತ್ನಾಲ್ಕು! ಅದೂ ಉಪಕಾರ ಅನ್ನಿಸುವ ಕಾಲ. 1899ರಲ್ಲಿ ಮೂವರು ಹೆಂಗಸರಿಗೆ ಒಂದು ಕುರ್ಚಿಯಾದರೂ ಇರಲೇಬೇಕು ಅಂತಾಯ್ತು. ವಾರಕ್ಕೆ ಅರ್ಧ ದಿನ ರಜೆ ಸಿಗೋಕೆ 1911 ಬರಬೇಕಾಯ್ತು.

ಮಾರ್ಗರೆಟ್ ಬಾಂಡ್‌ಫೀಲ್ಡ್ ಅಂತ ಒಬ್ಬಳು ಹುಡುಗಿ ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಲೇ ಅಂಗಡಿ ಕೆಲಸಗಾರರ ಸಂಘ ಸೇರಿದಳು. ಜೊತೆಯವರು ಮಲಗಿದ ಮೇಲೆ ಮೋಂಬತ್ತಿ ಹಚ್ಚಿಕೊಂಡು, ಗ್ರೇಸ್ ಡೇರ್ ಅನ್ನುವ ಬೇರೆ ಹೆಸರಲ್ಲಿ ಅಂಗಡಿ ಬದುಕಿನ ಬಗ್ಗೆ ಬರೆದಳು. 1929ರಲ್ಲಿ ಅವಳೇ ಕಾರ್ಮಿಕ ಮಂತ್ರಿಯಾದಳು. ಬ್ರಿಟನ್ನಿನ ಸಂಪುಟ ಸೇರಿದ ಮೊದಲ ಹೆಂಗಸು ಅವಳು. ದಿನವಿಡೀ ನಿಂತು ದಣಿದವಳು ತನಗೆ ಅಂತ ಉಳಿದ ಆ ಒಂದಿಷ್ಟು ಹೊತ್ತನ್ನು ಬಿಟ್ಟುಕೊಡಲಿಲ್ಲ ನೋಡು. ನನಗೆ ಅವಳ ಮೇಲೆ ಬಹಳ ಗೌರವ.

ಅಷ್ಟು ದೂರ ಯಾಕೆ, ಮಾಕುಟ್ಟದ ಘಾಟಿ ಇಳಿದು ಮುಂದೆ ಹೋದರೆ ಕೋಝಿಕ್ಕೋಡ್ ಇದೆ. ಅಲ್ಲಿ ಮಿಠಾಯಿ ತೆರುವು ಅನ್ನುವ ಅಂಗಡಿ ಬೀದಿಯಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ನಿನ್ನ ಹಾಗೇ ನೀರು ಕುಡಿಯದೆ ದಿನ ತಳ್ಳುತ್ತಿದ್ದರು. ಟೈಲರಿಂಗ್ ಮಾಡುತ್ತಿದ್ದ ಪಿ. ವಿಜಿ ಅವರನ್ನೆಲ್ಲ ಸೇರಿಸಿ ‘ಪೆಣ್‌ಕೂಟ್ಟು’ ಅನ್ನುವ ಹೆಂಗಸರ ಸಂಘ ಕಟ್ಟಿದರು. ಮೊದಲು ಶೌಚಾಲಯ ಕೇಳಿದರು, ಆಮೇಲೆ ಕೂರುವ ಹಕ್ಕು. 2018ರಲ್ಲಿ ಕೇರಳ ಕಾನೂನನ್ನೇ ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು.

ನೀನು ಒಬ್ಬಳೇ ಹೋಗಿ ಕೇಳಬೇಡ. ಜೊತೆಯ ಹುಡುಗಿಯರನ್ನು ಕರೆದುಕೊಂಡು, ಅಂಗಡಿ ಖಾಲಿ ಇರುವ ಹೊತ್ತು ನೋಡಿ, ಕೌಂಟರ್ ಹಿಂದೆ ಎರಡು ಸ್ಟೂಲು ಹಾಕಿಸಿ ಅಂತ ಮರ್ಯಾದೆಯಿಂದ ಕೇಳಿ. ನಮ್ಮ ಕರ್ನಾಟಕದ 1961ರ ಅಂಗಡಿ ಕಾಯ್ದೆಯಲ್ಲಿ ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ರಜೆ ಅಂತ ಇದೆ. ಅದಕ್ಕೂ ಜಾಸ್ತಿ ದುಡಿಸಿದರೆ ಎರಡು ಪಟ್ಟು ಕೂಲಿ ಕೊಡಬೇಕು. ಸ್ಟಾಕ್ ಎಣಿಸೋಕೆ ರಜೆಯ ದಿನ ಸುಮ್ನೆ ಬಾ ಅಂದರೆ ಒಪ್ಪಬೇಡ. ನೀರು ಮಾತ್ರ ಇವತ್ತಿಂದಲೇ ಕುಡಿ.

ಇನ್ನೊಂದು ಮಾತು. ರಜೆ ಸಿಕ್ಕ ದಿನ ಬಟ್ಟೆ ಒಗೆದು, ಮನೆ ಸಾರಿಸಿ, ಅಕ್ಕಿ ರುಬ್ಬುತ್ತಲೇ ಸಂಜೆ ಮಾಡಬೇಡ. ಅರ್ಧ ದಿನವಾದರೂ ನಿನ್ನದಾಗಿರಲಿ. ಮಲಗು, ಓದು, ಗೆಳತಿಯರ ಜೊತೆ ಇರ್ಪು ಫಾಲ್ಸ್‌ಗೆ ಹೋಗಿ ಬಾ. ತಮ್ಮಂದಿರೂ ಪಾತ್ರೆ ತೊಳೆಯಲಿ, ಏನಂತೆ? ನಿಮ್ಮಮ್ಮನಿಗೆ ನಾನೇ ಹೇಳುತ್ತೇನೆ.

ನಿನ್ನ ರಜೆ ಯಾವ ದಿನ ಅಂತ ತಿಳಿಸು. ನಾನೇ ಬಸ್ಸು ಹತ್ತಿ ಬರುತ್ತೇನೆ.

ನಿನ್ನ
ದೊಡ್ಡಮ್ಮ