ಶರಾವತಿಯ ಮೂಲದವರೆಗೆ ನನ್ನನ್ನು ತಲುಪಿಸಿದವರಿಗೆ

ಹೊನ್ನಾವರದ ಅಳಿವೆಯಿಂದ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದವರೆಗೆ ಶರಾವತಿಯ ಜಾಡು ಹಿಡಿದು, ಅಲ್ಲಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ, ಒಬ್ಬಳೇ ಕಾರು ಓಡಿಸಿಕೊಂಡು ಹೋಗಿ ಬಂದೆ. ಹೊರಡುವ ಮೊದಲು ಹಾರೈಸಿದವರು, ದಾರಿಯಲ್ಲಿದ್ದಾಗ ಫೋನು ಮಾಡಿ ವಿಚಾರಿಸಿದವರು, ಬಂದ ಮೇಲೆ ಮನೆಗೇ ಬಂದು ಮಾತಾಡಿಸಿದವರು ತುಂಬ ಜನ. ಒಬ್ಬೊಬ್ಬರಿಗೇ ಹೇಳುತ್ತಾ ಹೋದರೆ ಯಾರಾದರೂ ಬಿಟ್ಟುಹೋಗುತ್ತಾರೆ. ದಾರಿಯಲ್ಲಿ ಸಿಕ್ಕವರ ಹೆಸರಂತೂ ನನಗೆ ಗೊತ್ತೇ ಇಲ್ಲ. ಆದ್ದರಿಂದ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ನನಗೆ ಎಡಗಡೆಯ ಸ್ತನದ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಈಗ ಮಾತ್ರೆ ಮತ್ತು ಆಗಾಗ ತಪಾಸಣೆ. ಇದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ. ಮುಚ್ಚಿಟ್ಟುಕೊಂಡೇ ನಮ್ಮ ಎಷ್ಟೋ ಹೆಂಗಸರು ಡಾಕ್ಟರ ಹತ್ತಿರ ತಡವಾಗಿ ಹೋಗುತ್ತಾರೆ.

ಕಂಕುಳಿನ ಲಿಂಫ್ ಗ್ರಂಥಿಗಳನ್ನು ತೆಗೆದ ಮೇಲೆ ಆ ಕೈಯಿಂದ ದ್ರವ ಹಿಂದಕ್ಕೆ ಹರಿದುಹೋಗುವುದು ಕಷ್ಟವಾಗುತ್ತದೆ. ಕೆಲವರಿಗೆ ಕೈ ಊದಿಕೊಳ್ಳುತ್ತದೆ, ಭಾರವಾಗುತ್ತದೆ. ನನಗೂ ಹಾಗೇ ಆಯಿತು. ಕಾರಿನಲ್ಲಿ ಗೇರು ಹಾಕುವುದು ಅದೇ ಎಡಗೈ. ಆಪರೇಷನ್ ಆದ ಹೊಸದರಲ್ಲಿ ತಲೆ ಬಾಚಲು ಕೈ ಎತ್ತುವುದಕ್ಕೇ ಆಗುತ್ತಿರಲಿಲ್ಲ, ಇನ್ನು ಕಾರಿನ ಮಾತೆಲ್ಲಿ!

ಮೊದಲ ಕೃತಜ್ಞತೆ ನನ್ನ ಫಿಸಿಯೋಥೆರಪಿಸ್ಟ್ ಹುಡುಗಿಗೆ. ಅವಳು ಮೊದಲ ದಿನವೇ ಕೇಳಿದ್ದು, "ಆಂಟಿ, ಈ ಕೈ ನಿಮಗೆ ಯಾವ ಕೆಲಸಕ್ಕೆ ಬೇಕು?" ಎಂದು. ಅಡುಗೆ, ಬಟ್ಟೆ ಒಗೆಯುವುದು ಎಂದೇನೋ ಹೇಳಬಹುದಿತ್ತು. ಬಾಯಿಗೆ ಬಂದದ್ದು "ಕಾರು ಬಿಡಲಿಕ್ಕೆ" ಎಂದು. ಅವಳು ನಗಲಿಲ್ಲ, ಬರೆದುಕೊಂಡಳು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಒಂದೊಂದಾಗಿ ಮೇಲೆ ಹತ್ತಿಸುವುದು, ಮುಟ್ಟಿದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುವುದು ಎಲ್ಲರಿಗೂ ಹೇಳಿಕೊಡುವ ವ್ಯಾಯಾಮ. ನನಗೆ ಇನ್ನೊಂದನ್ನೂ ಹೇಳಿಕೊಟ್ಟಳು. ಕುರ್ಚಿಯಲ್ಲಿ ಕೂತು, ಊತ ತಡೆಯಲು ಕೈಗೆ ಬಿಗಿಯಾಗಿ ಹಾಕುವ ತೋಳು, ಅಂದರೆ ಕಂಪ್ರೆಷನ್ ಸ್ಲೀವ್ ತೊಟ್ಟುಕೊಂಡು, ಪಕ್ಕದಲ್ಲಿ ಒಂದು ಕೋಲು ನಿಲ್ಲಿಸಿ, ಒಂದನೇ ಗೇರು, ಎರಡನೇ ಗೇರು, ಮೂರನೇ ಗೇರು. ಭುಜ ಎತ್ತದೆ ಮೊಣಕೈಯಿಂದಲೇ ತಳ್ಳುವುದು, ಹಿಡಿಕೆಯನ್ನು ಗಟ್ಟಿ ಮುಷ್ಟಿಯಲ್ಲಿ ಹಿಡಿಯದೆ ಅಂಗೈಯಿಂದ ಒತ್ತುವುದು. ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಆ ಪೆನ್ಸಿಲ್ ಗೆರೆಗಳು ಈಗಲೂ ಇವೆ. ಬಣ್ಣ ಹೊಡೆಸುವಾಗಲೂ ಅಷ್ಟು ಜಾಗ ಬಿಡಿಸಿದ್ದೇನೆ.

ರೇಡಿಯೇಷನ್ ವಾರಕ್ಕೆ ಐದು ದಿನ, ವಾರಗಟ್ಟಲೆ. ಮನೆಯವರಿಗೆ ದುಬೈಯಲ್ಲಿ ಕೆಲಸ. ರಜೆ ಸಿಕ್ಕಷ್ಟು ದಿನ ಬಂದಿದ್ದು ಹೋದರು. ಉಳಿದ ದಿನಗಳಲ್ಲಿ ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿ ಮನೆಗೆ ಕರೆತಂದದ್ದು ಸಂತೆಕಟ್ಟೆಯ ಒಬ್ಬ ರಿಕ್ಷಾದ ಅಣ್ಣ. ಅವರು ಹಿಂದಿನ ಸೀಟಿನಲ್ಲಿ ತಮ್ಮ ಮನೆಯ ದಿಂಬೊಂದನ್ನು ತಂದಿಟ್ಟಿದ್ದರು. ಹೊಂಡ ಬಂದಾಗ ನಾನು ಅದನ್ನು ಎದೆಗೆ ಅವಚಿಕೊಳ್ಳುತ್ತಿದ್ದೆ. "ಮೆಲ್ಲ ಪೋಯಿ ಅಕ್ಕ" ಎನ್ನುತ್ತಾ ಹೊಂಡ ತಪ್ಪಿಸಿ ತಪ್ಪಿಸಿ ಬಿಡುತ್ತಿದ್ದರು. ಕಾದು ನಿಂತದ್ದಕ್ಕೆ ಒಂದು ದಿನವೂ ಹೆಚ್ಚು ಬಾಡಿಗೆ ಕೇಳಿದವರಲ್ಲ. ಅಣ್ಣ, ನೀವು ಇದನ್ನು ಓದುವುದಿಲ್ಲವೆಂದು ಗೊತ್ತು. ನಿಮ್ಮ ಮಗಳು ಓದಿ ಹೇಳಲಿ.

ಮತ್ತೆ ಸ್ಟೇರಿಂಗ್ ಹಿಡಿಸಿದ್ದು ಡ್ರೈವಿಂಗ್ ಶಾಲೆಯ ಟೀಚರು. ನನಗಿಂತ ಎಷ್ಟೋ ಸಣ್ಣವರು. ಲೈಸೆನ್ಸ್ ಇದ್ದವಳಿಗೆ ಏನು ಕಲಿಸುವುದು ಎನ್ನದೆ ಮೊದಲಿನಿಂದ ಹೇಳಿಕೊಟ್ಟರು. ಮಲ್ಪೆ ರಸ್ತೆಯಲ್ಲಿ ಕೆಲವು ದಿನ, ಆಮೇಲೆ ಮಣಿಪಾಲ, ಪರ್ಕಳದ ಏರಿಳಿತ. ಏರಿನಲ್ಲಿ ನಿಲ್ಲಿಸಿ, ಕಾರು ಹಿಂದಕ್ಕೆ ಜಾರದಂತೆ ಹಾಫ್ ಕ್ಲಚ್ಚಿನಲ್ಲಿ ಎತ್ತುವುದನ್ನು ನನ್ನ ಕೈ ನೋಯುವವರೆಗೆ ಮಾಡಿಸಿದರು. ನೋವು ಶುರುವಾದ ಕೂಡಲೇ ತಾವೇ ನಿಲ್ಲಿಸಿದರು.

ಶರಾವತಿಯೇ ಯಾಕೆ ಎಂದು ಹಲವರು ಕೇಳಿದರು. ನನ್ನ ತವರು ಹೊನ್ನಾವರದ ಕಡೆ. ಹೊಳೆ ಕಡಲು ಸೇರುವ ಅಗಲವಾದ ಜಾಗವನ್ನು ಹುಟ್ಟಿದಾಗಿನಿಂದ ಕಂಡವಳು ನಾನು. ಅಲ್ಲಿ ಕೊಂಕಣ ರೈಲಿನ ಸೇತುವೆಯೇ 2 ಕಿಲೋಮೀಟರಿಗಿಂತ ಉದ್ದ. ಇಡೀ ನದಿಯ ಉದ್ದವಾದರೋ ಸುಮಾರು 128 ಕಿಲೋಮೀಟರ್, ಒಂದು ದಿನದಲ್ಲಿ ನೋಡಿ ಮುಗಿಸಬಹುದಾದ ನದಿ. ಆದರೂ ಹುಟ್ಟುವ ಜಾಗ ನೋಡಿರಲಿಲ್ಲ. ಕೀಮೋ ಹನಿಹನಿಯಾಗಿ ಇಳಿಯುವಾಗ ಮಲಗಿಕೊಂಡು ನಾನು ಈ ದಾರಿಯ ಊರುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದೆ. ಡೇ ಕೇರ್ ವಾರ್ಡಿನ ಸಿಸ್ಟರುಗಳಿಗೆ ಆ ಊರುಗಳ ಹೆಸರು ನನ್ನಷ್ಟೇ ಬಾಯಿಪಾಠ. "ಇವತ್ತು ಎಲ್ಲಿಗೆ ಮುಟ್ಟಿತು, ಗೇರುಸೊಪ್ಪೆಯಾ?" ಎಂದು ಕೇಳುತ್ತಾ ರಕ್ತನಾಳ ಹುಡುಕುತ್ತಿದ್ದರು. ಅವರಿಗೆ ನಾನು ಎಷ್ಟು ಋಣಿ ಎಂದು ಬರೆದು ತಿಳಿಸಲಾರೆ.

ಹೊರಟದ್ದು ಮಳೆಗಾಲ ಮುಗಿದ ಮೇಲೆ. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ಕಡಲಿಗೆ ಇಷ್ಟು ಹತ್ತಿರ ಬಂದರೂ ಆ ಹೊಳೆ ಇಲ್ಲಿ ಕಡಲು ಸೇರದೆ ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯಲ್ಲಿ ಉಳಿದ ಹೊಳೆಗಳ ಜೊತೆ ಸೇರುತ್ತದೆ. ಅಲ್ಲಿ ಬೊಂಡ (ಎಳನೀರು) ಮಾರುವ ಅಮ್ಮ ನನ್ನ ಸ್ಲೀವ್ ನೋಡಿ "ಕೈಗೆ ಎಂತ ಆಯ್ತ್?" ಎಂದರು. ಹೇಳಿದೆ. ಅಯ್ಯೋ ಪಾಪ ಎನ್ನಲಿಲ್ಲ. ಬೊಂಡ ಕೆತ್ತಿ ನನ್ನ ಬಲಗೈಗೆ ಕೊಟ್ಟು, "ನಮ್ ಮನಿ ಇಲ್ಲೇ ಹಿಂದ್ ಇತ್ತ್, ಬಚ್ಚಲಿಗೆ ಹೋಪ್ದಾರೆ ಹೋಯಿ ಬನ್ನಿ" ಎಂದರು. ಹೆಂಗಸರಿಗೆ ಇದು ಎಷ್ಟು ದೊಡ್ಡ ಉಪಕಾರ ಎಂದು ಹೆದ್ದಾರಿಯಲ್ಲಿ ಪ್ರಯಾಣ ಮಾಡಿದ ಹೆಂಗಸರಿಗೇ ಗೊತ್ತು. ನೀರು ಕುಡಿಯದೆ ಗಂಟೆಗಟ್ಟಲೆ ಕೂರುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಚತುಷ್ಪಥ ಮಾಡಿದವರು ಅಷ್ಟು ದೂರಕ್ಕೊಂದು ಶುಚಿಯಾದ ಶೌಚಾಲಯವನ್ನೂ ಕಟ್ಟಬೇಕಿತ್ತು. ಅಮ್ಮನಂಥವರ ಮನೆ ಎಲ್ಲ ಕಡೆಯೂ ಇರುವುದಿಲ್ಲ.

ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಘಾಟಿ ಹತ್ತುವಾಗ ಕಾಡು ರಸ್ತೆಯ ಮೇಲೆಯೇ ಬಾಗಿರುತ್ತದೆ. ಕಿಟಕಿ ಇಳಿಸಿದರೆ ತಂಪು, ಒದ್ದೆ ಎಲೆಯ ವಾಸನೆ. ಸಿಂಗಳೀಕ ಕಾಣಬಹುದೆಂದು ಎರಡು ಕಡೆ ನಿಲ್ಲಿಸಿದೆ, ಕಾಣಲಿಲ್ಲ. ಜೋಗದಲ್ಲಿ 253 ಮೀಟರ್ ಎತ್ತರದಿಂದ ಬೀಳುವ ರಾಜಾ, ರಾಣಿ, ರೋರರ್, ರಾಕೆಟ್ ಎಲ್ಲರೂ ಕಂಡದ್ದೇ, ಹೆಚ್ಚು ಬರೆಯುವುದಿಲ್ಲ. ನಾನು ರಾಕೆಟ್ಟಿನ ಕಡೆ ನೋಡುತ್ತಾ ಗೋಡೆಗೆ ಒರಗಿ ಎಡಗೈಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದೆ. ಊತ ಇಳಿಯಲೆಂದು ಹೇಳಿಕೊಟ್ಟದ್ದು. ಪಕ್ಕದಲ್ಲಿದ್ದ ಒಂದು ಮಗು ತಾನೂ ಕೈ ಎತ್ತಿ ನನ್ನಷ್ಟೇ ಹೊತ್ತು ನಿಂತಿತು.

ಸಾಗರದ ಕಡೆ ಒಂದು ಲಾಡ್ಜಿನಲ್ಲಿ ಒಂಟಿ ಹೆಂಗಸಿಗೆ ರೂಮು ಕೊಡುವುದಿಲ್ಲ ಎಂದರು. ಆ ಸಂಜೆ ಮನಸ್ಸಿಗೆ ಬೇಸರವಾದದ್ದು ನಿಜ. ಆದರೆ ಅದರಿಂದಲೇ ನಾನು ಹಿನ್ನೀರಿನ ಆಚೆ ತುಮರಿ ಕಡೆಯ ಹೋಂಸ್ಟೇಗೆ ಹೋದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಈ ಊರುಗಳ ಹೊಲ, ತೋಟ, ದಾರಿ ಎಲ್ಲ ನೀರಿನಡಿ ಹೋದವು. ಉಳಿದವರು ಸಾಗರಕ್ಕೆ ಬರಬೇಕಾದರೆ ಲಾಂಚ್ ಕಾಯಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಕೇಬಲ್ಲುಗಳು ಎರಡೂ ಕಡೆ ಇಳಿಬಿದ್ದ ಆ ಸೇತುವೆಯ ಮೇಲೆ ಮುಸ್ಸಂಜೆಯಲ್ಲಿ ಹೋದೆ. ಕೆಳಗೆ ನೀರು, ನೀರಿನ ನಡುವೆ ಗುಡ್ಡದ ತಲೆಗಳು.

ಮನೆಯ ಅಜ್ಜಿ ಬಾಗಿಲಲ್ಲೇ "ಆಸರಿಗೆ ಎಂತ ಬೇಕು?" ಎಂದು ಕೇಳಿದರು. ಕಷಾಯ ಕೊಟ್ಟರು. ರಾತ್ರಿ ಊಟಕ್ಕೆ ಅಪ್ಪೆಹುಳಿ. ಕೀಮೋದಿಂದ ಕೆಟ್ಟ ನನ್ನ ನಾಲಿಗೆಗೆ ಹುಳಿ ಹುಳಿಯಾಗಿಯೇ ರುಚಿಸಿದ್ದು ಬಹಳ ಕಾಲದ ಮೇಲೆ. ಮೂರು ಸಲ ಬಡಿಸಿಕೊಂಡೆ. ನನ್ನ ಕಾಯಿಲೆಯ ಸುದ್ದಿ ಕೇಳಿ ಅಜ್ಜಿ ಹಳೆಯದನ್ನು ನೆನಪು ಮಾಡಿಕೊಂಡರು. ಸಂಜೆ ಲಾಂಚ್ ನಿಂತ ಮೇಲೆ ಯಾರಿಗಾದರೂ ಎದೆನೋವು, ಹೆರಿಗೆ ನೋವು ಬಂದರೆ ಕಾಡುದಾರಿಯಲ್ಲಿ ಹೊಸನಗರ ಸುತ್ತಿಸಿ ಒಯ್ಯಬೇಕಿತ್ತಂತೆ. "ಔಷಧಿ ಇರೂದು ಆಚೆ ದಡದಲ್ಲಿ, ರೋಗಿ ಈಚೆ ದಡದಲ್ಲಿ, ಅದೇ ಕಷ್ಟ" ಎಂದರು. ನನಗೆ ರಿಕ್ಷಾದ ಅಣ್ಣನ ನೆನಪಾಯಿತು. ಆ ರಾತ್ರಿ ನಿದ್ದೆ ಬರುವವರೆಗೂ ಅದೇ ಯೋಚನೆ: ಆಸ್ಪತ್ರೆಗಿಂತ ಮೊದಲು ಆಸ್ಪತ್ರೆಯ ದಾರಿ. ಅಜ್ಜಿ, ಬೆಳಗ್ಗೆ ನೀವು ಕಟ್ಟಿಕೊಟ್ಟ ತೊಡದೇವು ಉಡುಪಿ ಮುಟ್ಟುವವರೆಗೆ ಉಳಿಯಲಿಲ್ಲ.

ನಿಟ್ಟೂರು, ನಗರ, ಹೊಸನಗರ. ನಗರದಲ್ಲಿ ಕೆಳದಿ ಅರಸರ ಬಿದನೂರು ಕೋಟೆಯನ್ನು ಹತ್ತಿ ನೋಡಬೇಕೆಂದಿದ್ದೆ. ಕೈ ಭಾರವಾಗಿತ್ತು, ಕೆಳಗಿನಿಂದಲೇ ಕಂಡು ಮುಂದೆ ಹೋದೆ. ಅಂಬುತೀರ್ಥ ಸಣ್ಣ ಜಾಗ. ರಾಮ ಬಾಣ ಹೊಡೆದು ನೀರು ತರಿಸಿದ ಎಂಬ ಐತಿಹ್ಯ ಅಲ್ಲಿಯದು. ಹೊನ್ನಾವರದಲ್ಲಿ ಅಷ್ಟು ಅಗಲಕ್ಕೆ ಹರಡಿಕೊಂಡ ಹೊಳೆ ಇಲ್ಲಿ ಬೊಗಸೆಯಲ್ಲಿ ಹಿಡಿಯುವಷ್ಟು. ಎಡಗೈಯ ಸ್ಲೀವ್ ತೆಗೆದಿಟ್ಟು ಎರಡೂ ಕೈ ಸೇರಿಸಿ ನೀರು ಹಿಡಿದೆ. ಕೈ ಸೋರಲಿಲ್ಲ. ಅಲ್ಲಿಂದಲೇ ತಂಗಿಗೆ ಫೋನು ಮಾಡಿ ಅತ್ತೆ. ನನ್ನನ್ನು ತಡೆಯದೆ, ಸಂಜೆಗೊಮ್ಮೆ ಎಲ್ಲಿದ್ದೇನೆಂದು ತಿಳಿಸಿದರೆ ಸಾಕು ಎಂದಿದ್ದ ತಂಗಿ ಆಗ ತಾನೂ ಅತ್ತಳು.

ತೀರ್ಥಹಳ್ಳಿಯಲ್ಲಿ ಬ್ರೇಕ್ ಒತ್ತಿದಾಗ ಕಿರ್ ಎಂಬ ಸದ್ದು. ಮುಂದೆ ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು. ಹೆದರಿಕೆಯಾಗಿ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಚಕ್ರ ಬಿಚ್ಚಿ, ಪ್ಯಾಡ್ ಹೊರಗೆ ತೆಗೆದು ನನಗೇ ತೋರಿಸಿದರು. ಸವೆದಿಲ್ಲ, ಧೂಳು ಮತ್ತು ಮಣ್ಣು ಸೇರಿದೆ ಎಂದು ಉಜ್ಜಿ ಹಾಕಿದರು. ಆಮೇಲೆ ಘಾಟಿ ಇಳಿಯುವ ಕ್ರಮ ಹೇಳಿದರು. ಮೇಲಿನಿಂದಲೇ ಎರಡನೇ ಗೇರಿನಲ್ಲಿ ಬಿಡಿ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಇಳಿದರೆ ಬ್ರೇಕ್ ಕಾದು, ಬೇಕಾದಾಗ ಹಿಡಿಯುವುದಿಲ್ಲ. ತಿರುವಿಗೆ ಮೊದಲೇ ಹಾರ್ನ್ ಮಾಡಿ. ಹತ್ತುವವರಿಗೆ ಮೊದಲು ದಾರಿ ಬಿಡಿ.

ನನಗೆ ಆ ಮಾತಿನಲ್ಲಿ ಕೇಳಿಸಿದ್ದು ಬೇರೆಯೇ. ಎರಡನೇ ಗೇರಿನಲ್ಲೇ ಇಳಿಯುವುದಾದರೆ ಎಡಗೈಗೆ ಪದೇಪದೇ ಕೆಲಸವಿಲ್ಲ! ಘಾಟಿಯಲ್ಲಿ ಕೈ ಸೋತರೆ ಏನು ಗತಿ ಎಂದು ಮನೆಯಿಂದ ಹೊರಟಾಗಿನಿಂದ ಒಳಗೊಳಗೇ ಹೆದರಿದ್ದೆ. ಬ್ರೇಕಿಗಾಗಿ ಹೇಳಿದ ಬುದ್ಧಿವಾದ ನನ್ನ ಕೈಯನ್ನೂ ಕಾಪಾಡಿತು. ಆ ಅಣ್ಣನಿಗೆ ನನ್ನ ಕೈಯ ವಿಷಯ ಗೊತ್ತೇ ಇರಲಿಲ್ಲ.

ಘಾಟಿಯಲ್ಲಿ ದೊಡ್ಡ ಬಸ್ಸುಗಳು ತಿರುಗುವುದಿಲ್ಲ, ಓಡಾಡುವುದು ಮಿನಿ ಬಸ್ಸು. ಒಂದು ತಿರುವಿನಲ್ಲಿ ಹಾರ್ನ್ ಕೇಳಿ ಮೇಲೆಯೇ ನಿಂತುಕೊಂಡೆ. ಮಿನಿ ಬಸ್ಸು ಇಡೀ ರಸ್ತೆ ಬಳಸಿಕೊಂಡು ತಿರುಗಿ ನನ್ನ ಪಕ್ಕಕ್ಕೆ ಬಂತು. ಡ್ರೈವರು ಕಿಟಕಿಯಿಂದ ಬಗ್ಗಿ, "ಅಕ್ಕ, ಹಿಂದೆ ಒಂದು ಪಿಕಪ್ ಉಂಟು, ಅದು ದಾಟಿದ ಮೇಲೆ ಕೆಳಗೆವರೆಗೆ ಖಾಲಿ" ಎಂದರು. ಒಳಗಿದ್ದ ಜನವೂ ನನ್ನನ್ನೇ ನೋಡುತ್ತಿದ್ದರು. ಪಿಕಪ್ ದಾಟಿತು. ಮತ್ತೆ ಸೋಮೇಶ್ವರದವರೆಗೆ ನಿಜವಾಗಿಯೂ ಖಾಲಿ. ಮಳೆಗಾಲದಲ್ಲಿ ಇದೇ ಗುಡ್ಡ ಜರಿದಾಗ ಮಣ್ಣು, ಮರ ತೆಗೆದು ರಸ್ತೆ ಬಿಡಿಸುವ ಕೆಲಸಗಾರರನ್ನು ನಾವು ಯಾರೂ ನೋಡಿರುವುದಿಲ್ಲ. ನಾನು ನಿಶ್ಚಿಂತೆಯಿಂದ ಇಳಿದದ್ದು ಅವರು ಒದ್ದೆಯಾಗಿ ನಿಂತು ಉಳಿಸಿದ ರಸ್ತೆಯ ಮೇಲೆ. ಅವರಿಗೆ ನನ್ನ ಕೈಮುಗಿತ.

ಹೆಬ್ರಿ, ಹಿರಿಯಡಕ, ಪರ್ಕಳ. ಮನೆ ಮುಟ್ಟಿದಾಗ ಪಕ್ಕದ ಮನೆಯವರು ಗೇಟು ತೆರೆದಿಟ್ಟು ಗಂಜಿ, ಚಟ್ನಿ ಮಾಡಿಟ್ಟಿದ್ದರು. ಮರುದಿನ ಫಿಸಿಯೋ ಹುಡುಗಿ ಟೇಪು ಹಿಡಿದು ಕೈ ಅಳೆದು, ಊತ ಹೆಚ್ಚಾಗಿಲ್ಲ ಎಂದಳು.

ಈಗ ಒಂದು ಕೆಲಸದ ಮಾತು. ಉಡುಪಿ, ಬ್ರಹ್ಮಾವರ, ಸಂತೆಕಟ್ಟೆ ಆಸುಪಾಸಿನಲ್ಲಿ ರೇಡಿಯೇಷನ್ನಿಗೋ ಕೀಮೋಗೋ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗಿ ಬರುವ ಹೆಂಗಸರು ಇದ್ದಾರೆ. ಕೆಲವರನ್ನು ವಾರ್ಡಿನಲ್ಲಿ ನಾನೇ ಕಂಡಿದ್ದೇನೆ. ಚಿಕಿತ್ಸೆ ಮುಗಿದು ವಾಂತಿ, ಸುಸ್ತು ಇರುವಾಗ ಬಸ್ಸಿನಲ್ಲಿ ನಿಂತು ಬರುವುದು ಏನೆಂದು ಅವರು ಹೇಳಿದ್ದನ್ನು ಕೇಳಿದ್ದೇನೆ. ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ನನಗೆ ಬಿಡುವು, ಕಾರೂ ಮನೆಯಲ್ಲೇ ಇರುತ್ತದೆ. ನಿಮಗೆ ಗೊತ್ತಿರುವವರಿದ್ದರೆ ಅವರಿಗೆ ನನ್ನ ವಿಷಯ ಹೇಳಿ. ಹಿಂದಿನ ಸೀಟಿಗೆ ದಿಂಬು ಹಾಕಿದ್ದೇನೆ, ವಾಂತಿಯ ಚೀಲಗಳನ್ನೂ ಇಟ್ಟಿದ್ದೇನೆ. ಬಾಡಿಗೆಯ ಮಾತು ಬೇಡ. ಕರೆದುಕೊಂಡು ಹೋಗಿ, ಮುಗಿಯುವವರೆಗೆ ಕೂತಿದ್ದು, ಮನೆಗೆ ಬಿಡುತ್ತೇನೆ. ಹಿಂದಿನ ರಾತ್ರಿ 9 ಗಂಟೆಯೊಳಗೆ ತಿಳಿಸಿದರೆ ಸಾಕು.